ಒಂದೇ ಕಥೆ: ಓದಿದ್ದು, ಕೇಳಿದ್ದು, ನೋಡಿದ್ದು

ಕಳೆದ ತಿಂಗಳು ಹೊಸದೇನನ್ನೂ ಹುಡುಕಲು ಹೋಗಲಿಲ್ಲ. ಒಂದೇ ಕಥೆ ಹಿಡಿದು ಕೂತೆ. ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. ಕಾದಂಬರಿ ಓದಿದೆ, 1938ರ ರೇಡಿಯೊ ನಾಟಕ ಮತ್ತು 1978ರ ಸಂಗೀತದ ಆಲ್ಬಂ ಕೇಳಿದೆ, 1953 ಮತ್ತು 2005ರ ಸಿನಿಮಾ ಎರಡನ್ನೂ ನೋಡಿದೆ. ಬೇರೆ ಗ್ರಹದವರು ಬರುತ್ತಾರೆ, ಊರೂರು ಸುಡುತ್ತಾರೆ, ಕೊನೆಗೆ ಭೂಮಿಯ ಸೂಕ್ಷ್ಮಾಣುಗಳಿಗೆ ಸಿಕ್ಕಿ ಸಾಯುತ್ತಾರೆ. ಕೊನೆ ಮೊದಲೇ ಗೊತ್ತಿದ್ದರಿಂದ ಯಾರು ಹೇಗೆ ಹೇಳುತ್ತಾರೆ ಅನ್ನೋದರ ಮೇಲೇ ಗಮನ ಇಟ್ಟೆ.

ಹೆದರಿಸುವುದರಲ್ಲಿ ರೇಡಿಯೊನೇ ಮುಂದೆ. ಮಿಕ್ಕವು ಹತ್ತಿರಕ್ಕೂ ಬರುವುದಿಲ್ಲ. ಮಾಡಿಸಿದ್ದು ಆರ್ಸನ್ ವೆಲ್ಸ್ (ಇಬ್ಬರು ವೆಲ್ಸ್‌ಗಳಿಗೂ ಸಂಬಂಧ ಇಲ್ಲ). ಆಗ ಅವನಿಗೆ 23 ವರ್ಷ. ಅಕ್ಟೋಬರ್ 30ರ ರಾತ್ರಿ ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ ಪ್ರಸಾರವಾದ ಒಂದು ಗಂಟೆಯ ನಾಟಕ ಅದು. ಶುರುವಿನಲ್ಲಿ ಹೋಟೆಲ್ಲಿನ ಡ್ಯಾನ್ಸ್ ಸಂಗೀತ ಬರುತ್ತಿರುತ್ತದೆ. ನಡುವೆ ಅದನ್ನು ನಿಲ್ಲಿಸಿ ಒಂದು ಸುದ್ದಿ. ಮತ್ತೆ ಸಂಗೀತ. ಆ ಸಂಗೀತ ಎಷ್ಟು ಸಪ್ಪೆ ಅಂದರೆ, ಮುಂದಿನ ಸುದ್ದಿ ಬೇಗ ಬರಲಿ ಅಂತ ನಾವೇ ಕಾಯುತ್ತೇವೆ. ಗ್ರೋವರ್ಸ್ ಮಿಲ್ ಅನ್ನೋ ಊರಿನಲ್ಲಿ ಆಕಾಶದಿಂದ ಬಿದ್ದ ಸಿಲಿಂಡರ್ (ಮಂಗಳದವರು ಬಂದ ವಾಹನ) ಪಕ್ಕದಲ್ಲಿ ವರದಿಗಾರ ನಿಂತಿದ್ದಾನೆ. ಮೊದಮೊದಲು ಗತ್ತಿನಿಂದಲೇ ಮಾತಾಡುತ್ತಾನೆ. ಬೆಂಕಿ ಹತ್ತಿದ ಮೇಲೆ ಮಾತು ಒಂದರ ಮೇಲೊಂದು ಬೀಳುತ್ತದೆ. ಬೆಂಕಿ ಈ ಕಡೆಗೇ ಬರುತ್ತಿದೆ ಅನ್ನುತ್ತಿರುವಾಗಲೇ ಮೈಕ್ ಸತ್ತುಹೋಗುತ್ತದೆ. ಆಮೇಲೆ ಕೆಲವು ಸೆಕೆಂಡು ಏನೂ ಇಲ್ಲ. ನೆಟ್ ಹೋಯ್ತಾ ಅಂತ ನಾನು ಫೋನ್ ತೆಗೆದು ನೋಡಿದೆ. ಆ ಪಾತ್ರ ಮಾಡಿದ ಫ್ರಾಂಕ್ ರೀಡಿಕ್, 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಉರಿದು ಬಿದ್ದಾಗಿನ ವರದಿಯ ರೆಕಾರ್ಡಿಂಗ್ ಕೇಳಿ ತಯಾರಾಗಿದ್ದನಂತೆ. ಅದು ಗೊತ್ತಾದ ಮೇಲೆ ಮತ್ತೊಮ್ಮೆ ಕೇಳಿದೆ. ಆಗಲೂ ಅಷ್ಟೇ ಭಯ ಆಯಿತು.

ಇದೇ ನಾಟಕವನ್ನು ಸಮಯ ಲೆಕ್ಕ ಹಾಕುತ್ತಾ ಕೇಳಿದರೆ ನಗು ಬರುತ್ತದೆ. ಪ್ರಿನ್ಸ್‌ಟನ್ ಊರಿನಿಂದ ಗ್ರೋವರ್ಸ್ ಮಿಲ್‌ಗೆ 11 ಮೈಲಿಯನ್ನು 10 ನಿಮಿಷದಲ್ಲಿ ಬಂದೆವು ಅನ್ನುತ್ತಾನೆ ವರದಿಗಾರ. ಅಷ್ಟು ಹೊತ್ತೂ ಪ್ರಸಾರದಲ್ಲಿ ಕಳೆದಿರುವುದಿಲ್ಲ. ಸೈನ್ಯ ಬರುವುದು, ಸಾಯುವುದು ಎಲ್ಲವೂ ಗಡಿಬಿಡಿಯಲ್ಲಿ ಮುಗಿಯುತ್ತದೆ. ನಾಟಕವನ್ನು ನಿಜವಾದ ಸುದ್ದಿ ಅಂತ ನಂಬಿ ದೇಶವೆಲ್ಲ ಬೀದಿಗೆ ಓಡಿ ಬಂತು ಅಂತ ಪತ್ರಿಕೆಗಳು ಬರೆದದ್ದು ಬಹಳ ಉಬ್ಬಿಸಿದ ಸುದ್ದಿ ಅಂತ ಈಗಿನ ಸಂಶೋಧಕರು ಹೇಳುತ್ತಾರೆ. ಇರಬಹುದು. ಆದರೂ ಆ ಮೊದಲ 40 ನಿಮಿಷ ಕೇಳುವಾಗ ಹೊಟ್ಟೆಯಲ್ಲಿ ಏನೋ ಆಗುವುದಂತೂ ನಿಜ. ನಂತರದ ಭಾಗ ಹೆಚ್ಚಾಗಿ ಬದುಕುಳಿದ ಪ್ರೊಫೆಸರ್ ಒಬ್ಬನೇ ಮಾತಾಡಿಕೊಳ್ಳುವುದು. ವಾರ್ತೆಯ ವೇಷ ಕಳಚಿದ ಮೇಲೆ ಅದು ಸಾಮಾನ್ಯ ನಾಟಕ.

ಪುಸ್ತಕದ ಬಲವೇ ಬೇರೆ. ಬಿದ್ದುಹೋದ ಮನೆಯೊಂದರಲ್ಲಿ ಕಥೆ ಹೇಳುವವನೂ ಒಬ್ಬ ಪಾದ್ರಿಯೂ ಸಿಕ್ಕಿಹಾಕಿಕೊಳ್ಳುತ್ತಾರೆ. ಗೋಡೆಯ ಬಿರುಕಿನಾಚೆ ಮಂಗಳದ ಜೀವಿಗಳು. ಒಳಗೆ ಇರುವ ಊಟ ಸ್ವಲ್ಪ, ಪಾದ್ರಿ ಅದನ್ನೂ ಬೇಕಾಬಿಟ್ಟಿ ಮುಗಿಸುತ್ತಾನೆ, ಅಳುತ್ತಾನೆ, ಕೊನೆಗೆ ಜೋರಾಗಿ ಕೂಗಲು ಶುರು ಮಾಡುತ್ತಾನೆ. ಅವನನ್ನು ಸುಮ್ಮನಾಗಿಸಲು ಇವನು ಮಾಂಸ ಕೊಚ್ಚುವ ಕತ್ತಿ ಎತ್ತಿಕೊಳ್ಳುತ್ತಾನೆ. ಹೊಡೆಯುವ ಮೊದಲು ಕತ್ತಿಯನ್ನು ತಿರುಗಿಸಿ ಹಿಡಿಯುತ್ತಾನೆ, ಅಲಗು ತಾಗದ ಹಾಗೆ. ಆ ಒಂದು ಕೈತಿರುವಿನಲ್ಲಿ ಅವನು ಎಂಥವನು ಅಂತ ಗೊತ್ತಾಗಿಬಿಡುತ್ತದೆ. ಕೊಲ್ಲುವುದು ಅವನಿಗೆ ಬೇಡ, ಆದರೆ ಹೊಡೆಯದೆ ಇರುವುದೂ ಆಗುವುದಿಲ್ಲ. ಆಮೇಲೆ ಯಂತ್ರದ ಕೈಯೊಂದು ಒಳಗೆ ತೂರಿ ಬಂದು ಪಾದ್ರಿಯನ್ನು ಎಳೆದುಕೊಂಡು ಹೋಗುತ್ತದೆ.

ರೇಡಿಯೊದಲ್ಲಿ ಈ ಪಾದ್ರಿಯೇ ಇಲ್ಲ. 1953ರ ಸಿನಿಮಾದಲ್ಲಿ ಅವನು ಒಳ್ಳೆಯವನಾಗಿಬಿಟ್ಟಿದ್ದಾನೆ: ಬೈಬಲ್ ಎತ್ತಿ ಹಿಡಿದು ಯಂತ್ರಗಳ ಕಡೆ ನಡೆದು ಸಾಯುತ್ತಾನೆ. 2005ರಲ್ಲಿ ಟಾಮ್ ಕ್ರೂಸ್ ನೆಲಮಾಳಿಗೆಯಲ್ಲಿ ಇನ್ನೊಬ್ಬನನ್ನು ಕೊಲ್ಲುತ್ತಾನೆ, ಆದರೆ ಬಾಗಿಲು ಹಾಕಿಕೊಂಡು. ನಾವು ನೋಡುವುದು ಆಚೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತ ಮಗಳನ್ನು. ಮೂರರಲ್ಲಿ ಇದು ಪುಸ್ತಕಕ್ಕೆ ಹತ್ತಿರದ್ದು. ಆದರೂ ಪುಸ್ತಕ ಬಾಗಿಲು ಹಾಕುವುದಿಲ್ಲ ಅಲ್ವಾ?

ಕಾದಂಬರಿಯ ಆಡಿಯೊಬುಕ್ಕನ್ನೂ ಶುರು ಮಾಡಿದ್ದೆ, ಆರೇಳು ಗಂಟೆಯದ್ದು. ಲಂಡನ್ ಬಿಟ್ಟು ಜನ ಓಡುವ ಭಾಗದಲ್ಲಿ ಕೈಬಿಟ್ಟೆ. ಅಲ್ಲಿ ಊರಿನ ಹೆಸರುಗಳ ಸಾಲೇ ಇದೆ. ಓದುವಾಗ ಕಣ್ಣು ತಾನಾಗಿ ಜಾರಿಕೊಂಡು ಜನಜಂಗುಳಿಗೆ ಹೋಗುತ್ತದೆ. ಕಿವಿಗೆ ಹಾಗೆ ಜಾರಲು ಬರುವುದಿಲ್ಲ, ಪ್ರತಿ ಹೆಸರನ್ನೂ ಕೇಳಲೇಬೇಕು. ವೇಗ ಹೆಚ್ಚಿಸಿದರೆ ಹೆಸರಿನ ಜೊತೆ ಭಯವೂ ಓಡಿಹೋಗುತ್ತದೆ.

ಜೆಫ್ ವೇಯ್ನ್ ಮಾಡಿದ ಆಲ್ಬಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರಲ್ಲಿ ಕಥೆ ಹೇಳುವ ನಟ ರಿಚರ್ಡ್ ಬರ್ಟನ್ ದನಿ ಬಂದಾಗಲೆಲ್ಲ ಕಿವಿ ನೆಟ್ಟಗಾಗುತ್ತದೆ. ಹಾಡುಗಳು ಉದ್ದ. ಹೆಡ್‌ಫೋನ್ ಇಲ್ಲದೆ ಕೇಳಿದರೆ ಅರ್ಧ ಮಜಾ ಹೋಯಿತು. ರೇಡಿಯೊ ನಾಟಕಕ್ಕೆ ಮಾತ್ರ ಉಲ್ಟಾ: ಫೋನಿನ ಕೀರಲು ಸ್ಪೀಕರೇ ಅದಕ್ಕೆ ಸರಿ.

ಸಿನಿಮಾ ಗೆಲ್ಲುವುದು ಗಾತ್ರದಲ್ಲಿ. 1953ರದ್ದಕ್ಕೆ ಸ್ಪೆಷಲ್ ಎಫೆಕ್ಟ್‌ಗೆ ಆಸ್ಕರ್ ಬಂದಿತ್ತು. ಅದರಲ್ಲಿ ಪುಸ್ತಕದ ಮೂರು ಕಾಲಿನ ಯಂತ್ರಗಳ ಬದಲು ಹಾವಿನ ಹೆಡೆಯಂಥ ಕತ್ತು ಚಾಚಿ ತೇಲುವ ಯಂತ್ರಗಳಿವೆ. ಈಗಲೂ ಚಂದ ಕಾಣುತ್ತವೆ, ಹೆದರಿಕೆ ಆಗುವುದಿಲ್ಲ. 2005ರ ಯಂತ್ರ ರಸ್ತೆ ಸೀಳಿಕೊಂಡು ಎದ್ದು ನಿಂತು ಒಂದು ಸಲ ಹಾರ್ನ್‌ನಂತೆ ಕೂಗುತ್ತದೆ ನೋಡಿ, ಅಲ್ಲಿ ಮಾತ್ರ ಬೆನ್ನಲ್ಲಿ ಚಳಿ ಹುಟ್ಟಿತು. ಗಮನಿಸಿ, ಅದೂ ಸದ್ದೇ.

ಯಾವ ಕ್ರಮ ಅಂತ ಕೇಳಿದರೆ: ಮೊದಲು ರೇಡಿಯೊ, ಅದರ ಬಗ್ಗೆ ಏನೂ ಓದದೆ, ರಾತ್ರಿ, ದೀಪ ಆರಿಸಿ. ಆಮೇಲೆ ಪುಸ್ತಕ. 1953ರದ್ದು ಬಿಟ್ಟರೂ ನಡೆಯುತ್ತದೆ. 2005ರದ್ದನ್ನು ನೆಲಮಾಳಿಗೆಯ ಭಾಗದವರೆಗೆ ಖಂಡಿತ ನೋಡಿ. ನಡುವೆ ಯುದ್ಧದಲ್ಲಿ ಕಣ್ಮರೆಯಾದ ಟಾಮ್ ಕ್ರೂಸ್‌ನ ದೊಡ್ಡ ಮಗ ಕೊನೆಯಲ್ಲಿ ಗಟ್ಟಿಮುಟ್ಟಾಗಿ ಬಾಗಿಲಲ್ಲಿ ನಿಂತಿರುವುದನ್ನು ನಾನಂತೂ ಇನ್ನೂ ಒಪ್ಪಿಲ್ಲ.