ಒಡೆದರೂ ಉದುರದ ಗಾಜು: ನಮ್ಮ ಸಂಘದ ಕಿಟಕಿಗೆ ಹಾಕಿಸಿ ಎರಡು ಮಳೆಗಾಲ

2021ರ ಜನವರಿ 21ರ ರಾತ್ರಿಯನ್ನು ಶಿವಮೊಗ್ಗದವರು ಮರೆಯೋದು ಕಷ್ಟ. ಊರ ಪಕ್ಕದ ಹುಣಸೋಡಿನ ಕಲ್ಲು ಕ್ರಷರ್ ಹತ್ತಿರ ಸ್ಫೋಟಕ ಸಿಡಿದು 6 ಜನ ತೀರಿಕೊಂಡರು. ನಮ್ಮ ಸಹಕಾರ ಸಂಘದ ಕಚೇರಿ ಅಲ್ಲಿಂದ ಕೆಲವೇ ಕಿಲೋಮೀಟರ್. ಬೆಳಿಗ್ಗೆ ಬೀಗ ತೆಗೆದರೆ ರಸ್ತೆ ಕಡೆಯ ಮೂರು ಕಿಟಕಿಯಲ್ಲೂ ಗಾಜಿಲ್ಲ. ಕಂತು ಕಟ್ಟಲು ಬರುವ ಹಿರಿಯರು ಕೂರುವ ಬೆಂಚಿನ ತುಂಬಾ ಗೇಣುದ್ದದ ಚೂರು. ಒಂದು ಚೂರಂತೂ ಲೆಡ್ಜರಿನ ರಟ್ಟಿಗೆ ನಾಟಿ ನಿಂತಿತ್ತು. ಹಗಲು ಹೊತ್ತಾಗಿದ್ದರೆ ಏನು ಗತಿ ಅಂತ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಆಗ ಒಂದು ಅಂಗಡಿಯವರು, "ಟಫನ್ಡ್ ಹಾಕ್ಸಿ ಮೇಡಂ, ಬಾಂಬಿಗೂ ಜಗ್ಗಲ್ಲ" ಅಂದರು. ಟಫನ್ಡ್ ಅಂದರೆ ಚೆನ್ನಾಗಿ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು. ನಂಬಿ ಹಾಕಿಸಿದೆವು. ಒಂದು ದಿನ ಗಾಳಿಗೆ ಕಿಟಕಿ ಬಡಿದು ಇಡೀ ಗಾಜು ಕಲ್ಲುಸಕ್ಕರೆ ಹಾಗೆ ಪುಡಿಯಾಗಿ ಸುರಿಯಿತು. ಟಫನ್ಡ್ ಗಾಜು ಸಾದಾ ಗಾಜಿಗಿಂತ ಗಟ್ಟಿ, ನಿಜ. ಆದರೆ ಒಡೆದರೆ ಕಿಟಕಿಯಲ್ಲಿ ಏನೂ ಉಳಿಯಲ್ಲ. ಸ್ಫೋಟದಲ್ಲಾದರೆ ಆ ಹರಳುಗಳೇ ಹಾರಿ ಬರುತ್ತವೆ.

ಈಗ ಹಾಕಿಸಿರೋದು ಲ್ಯಾಮಿನೇಟೆಡ್ ಗಾಜು. 5 ಮಿ.ಮೀ.ನ ಎರಡು ಗಾಜು, ನಡುವೆ ಅವೆರಡನ್ನೂ ಅಂಟಿಸಿ ಹಿಡಿಯುವ 1.52 ಮಿ.ಮೀ. ಪಿವಿಬಿ ಅನ್ನೋ ಪ್ಲಾಸ್ಟಿಕ್ ಹಾಳೆ. ಇದನ್ನು ಹಾಕಿಕೊಟ್ಟ ಅಂಗಡಿಯವರು ಒಂದು ತುಂಡನ್ನು ನೆಲಕ್ಕಿಟ್ಟು ಸುತ್ತಿಗೆಯಲ್ಲಿ ಹೊಡೆದು ತೋರಿಸಿದರು. ಜೇಡರ ಬಲೆ ಹಾಗೆ ಬಿರುಕು ಹರಡಿತು. ಎತ್ತಿ ಅಲ್ಲಾಡಿಸಿದರೂ ದೊಡ್ಡ ಚೂರು ಒಂದೂ ಬೀಳಲಿಲ್ಲ. "ಇದು ಬಾಂಬ್ ತಡೆಯೋ ಗಾಜು ಅಂತ ಸರ್ಟಿಫಿಕೇಟ್ ಇರೋದಲ್ಲ ಮೇಡಂ, ಒಡೆಯತ್ತೆ, ಆದ್ರೆ ಚೂರನ್ನ ಹಿಡಿದಿಟ್ಕೊಳತ್ತೆ" ಅಂತ ಅವರೇ ಬಾಯಿಬಿಟ್ಟು ಹೇಳಿದರು. ಆ ಮಾತಿಗೇ ಅವರ ಮೇಲೆ ನಂಬಿಕೆ ಬಂತು.

1995ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯ ಸರ್ಕಾರಿ ಕಟ್ಟಡಕ್ಕೆ ಬಾಂಬಿಟ್ಟಾಗ 168 ಜನ ಸತ್ತರು. ಸುತ್ತಲಿನ ಕಟ್ಟಡಗಳಲ್ಲಿ ಗಾಜು ಚುಚ್ಚಿ ಗಾಯವಾದವರು ಎಷ್ಟೋ ಮಂದಿ. ಆಮೇಲೆ ಅಲ್ಲಿನ ಸರ್ಕಾರಿ ಕಟ್ಟಡಗಳಲ್ಲಿ ಕಿಟಕಿಗೇ ಬೇರೆ ನಿಯಮ ಬಂತು. ನಮ್ಮ ಕಡೆ ಬ್ಯಾಂಕು, ಆಸ್ಪತ್ರೆ ಕಟ್ಟುವವರು ಗಾಜಿನ ಬಣ್ಣ ಮಾತ್ರ ಕೇಳ್ತಾರೆ, ಬೇಜಾರಾಗುತ್ತದೆ.

ಗಾಜಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಫ್ರೇಮಿಗೆ. ಸ್ಫೋಟದ ಗಾಳಿ ಮೊದಲು ಒಳಗೆ ನೂಕುತ್ತದೆ, ಮರುಕ್ಷಣ ಹೊರಗೆ ಎಳೆಯುತ್ತದೆ. ಫ್ರೇಮು ಸಡಿಲ ಇದ್ದರೆ ಗಾಜು ಹಲಗೆ ಹಾಗೆ ಇಡಿಯಾಗಿ ಕಿತ್ತು ಬರುತ್ತದೆ. ತೂಕವೂ ಕಮ್ಮಿ ಇಲ್ಲ, ಚದರ ಮೀಟರಿಗೆ 25 ಕೆ.ಜಿ. ದಾಟುತ್ತದೆ. ಹಳೇ ಮರದ ಚೌಕಟ್ಟು ತೆಗೆಸಿ, ಗೋಡೆಗೆ ಬೋಲ್ಟು ಹೊಡೆಸಿ, ಗಾಜಿನ ಅಂಚು ಆಳವಾಗಿ ಕೂರುವ ಹಾಗೆ ಹೊಸ ಫ್ರೇಮು ಮಾಡಿಸಿದೆವು. ಖರ್ಚು ಅಲ್ಲೇ ಏರಿತು.

ಒಂದು ತಕರಾರಿದೆ. ಮೊದಲ ಕಿಟಕಿಗೆ ಅಂಗಡಿಯ ಹುಡುಗರು ಗಾಜಿನ ಅಂಚು ಮುಚ್ಚಲು ವಿನೆಗರ್ ವಾಸನೆಯ ಸಿಲಿಕಾನ್ ಅಂಟು ಹಾಕಿಬಿಟ್ಟರು. ಅದು ಪಿವಿಬಿಗೆ ಆಗಿಬರಲ್ಲ. ಸಾಲದ್ದಕ್ಕೆ ಫ್ರೇಮಿನ ಕೆಳಗೆ ನೀರು ಹೋಗೋ ತೂತೂ ಇರಲಿಲ್ಲ. ನಮ್ಮ ಮಳೆ ಗೊತ್ತಲ್ವಾ? ಆಗಸ್ಟ್ ಹೊತ್ತಿಗೆ ಕೆಳಮೂಲೆಯಲ್ಲಿ ಉಗುರಗಲ ಬೆಳ್ಳಗೆ ಮಬ್ಬು ಕಟ್ಟಿತು. ಹೇಳಿದ ಮೇಲೆ ಬಂದು ಆ ಹುಳಿ ವಾಸನೆ ಬಿಡದ ನ್ಯೂಟ್ರಲ್ ಸಿಲಿಕಾನ್ ಹಾಕಿ, ತೂತು ಕೊರೆದು ಹೋದರು. ಹಣ ಕೇಳಲಿಲ್ಲ. ಮಬ್ಬು ಹೋಗಿಲ್ಲ, ಮುಂದೆ ಹರಡಿಯೂ ಇಲ್ಲ. ಉಳಿದೆರಡು ಕಿಟಕಿ ಸ್ವಚ್ಛವಾಗಿವೆ.

ಹಿಂದಿನ ಕೋಣೆಯ ಕಿಟಕಿ ಇನ್ನೂ ಬಾಕಿ. ಗೋಡೆ ಒಣಗಲಿ ಅಂತ ಕಾಯ್ತಿದ್ದೇವೆ. ಅದಕ್ಕೂ ಇದೇ ಗಾಜು, ಇದೇ ಅಂಗಡಿ.