ಮಿಡ್ಲ್‌ಮೋರ್ ಮಕ್ಕಳು ಪ್ರಾಯಕ್ಕೆ ಬಂದಾಗ: ಪೆಸಿಫಿಕ್ ಐಲ್ಯಾಂಡ್ಸ್ ಫ್ಯಾಮಿಲೀಸ್ ಅಧ್ಯಯನದ ಒಂದು ವಿಮರ್ಶೆ

2000ನೇ ಇಸವಿಯ ಮಾರ್ಚ್ 15ರಿಂದ ಡಿಸೆಂಬರ್ 17ರ ನಡುವೆ ನ್ಯೂಜಿಲೆಂಡಿನ ದಕ್ಷಿಣ ಆಕ್ಲೆಂಡಿನ ಮಿಡ್ಲ್‌ಮೋರ್ ಆಸ್ಪತ್ರೆಯಲ್ಲಿ ಹುಟ್ಟಿದ 1,398 ಮಕ್ಕಳನ್ನು ಅಂದಿನಿಂದಲೂ ಹಿಂಬಾಲಿಸುತ್ತ ಬಂದಿರುವ ಸಂಶೋಧನೆಯ ಹೆಸರು ಪೆಸಿಫಿಕ್ ಐಲ್ಯಾಂಡ್ಸ್ ಫ್ಯಾಮಿಲೀಸ್ ಸ್ಟಡಿ. ತಂದೆ ತಾಯಿಯರಲ್ಲಿ ಒಬ್ಬರಾದರೂ ಪೆಸಿಫಿಕ್ ದ್ವೀಪ ಮೂಲದವರಾಗಿದ್ದು, ನ್ಯೂಜಿಲೆಂಡಿನ ಕಾಯಂ ನಿವಾಸಿಗಳಾಗಿರಬೇಕು ಎಂಬುದು ಸೇರ್ಪಡೆಯ ಷರತ್ತಾಗಿತ್ತು. 22 ಜೋಡಿ ಅವಳಿಗಳಿದ್ದುದರಿಂದ ತಾಯಂದಿರ ಸಂಖ್ಯೆ 1,376. ಆಕ್ಲೆಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿ ನಡೆಸುತ್ತಿರುವ ಈ ಅಧ್ಯಯನದ ಮಕ್ಕಳು ಈಗ ಇಪ್ಪತ್ತೈದು ದಾಟಿದ ಯುವಕ ಯುವತಿಯರು. ಸಾರ್ವಜನಿಕ ಹಣದಲ್ಲಿ ನಡೆಯುವ ಸಂಶೋಧನೆಯೂ ಒಂದು ಸಾರ್ವಜನಿಕ ಸೇವೆಯೇ ಆದ್ದರಿಂದ, ಗ್ರಂಥಾಲಯವನ್ನೋ ಆಸ್ಪತ್ರೆಯನ್ನೋ ಅಳೆಯುವ ಹಾಗೆ ಇದನ್ನೂ ಅಳೆಯಬಹುದು ಎಂಬ ನಂಬಿಕೆಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಅದು ಹೇಳುವ ಮಾತು ನಂಬಿಕೆಗೆ ಅರ್ಹವೇ, ಮತ್ತು ತಮ್ಮ ಬದುಕನ್ನೇ ತೆರೆದಿಟ್ಟ ಮನೆಗಳಿಗೆ ಅದರಿಂದ ಏನು ಸಿಕ್ಕಿದೆ ಎಂಬುವು ಇಲ್ಲಿ ಕೇಳಬೇಕಾದ ಪ್ರಶ್ನೆಗಳು.

ಮೊದಲು ಹಿನ್ನೆಲೆ. ಎರಡನೇ ಮಹಾಯುದ್ಧದ ನಂತರ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಆಳುಗಳು ಬೇಕಾದಾಗ ಸಮೋವಾ, ಟೊಂಗಾ, ಕುಕ್ ದ್ವೀಪಗಳು, ನಿಯುವೆ ಮೊದಲಾದೆಡೆಗಳಿಂದ ಜನ ಬಂದು ನೆಲೆಸಿದರು. ಎಪ್ಪತ್ತರ ದಶಕದಲ್ಲಿ ಆರ್ಥಿಕತೆ ಕುಸಿದಾಗ, ವೀಸಾ ಅವಧಿ ಮೀರಿದವರನ್ನು ಹುಡುಕುವ ನೆಪದಲ್ಲಿ ಪೊಲೀಸರು ನಸುಕಿನಲ್ಲಿ ಇವರ ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿದರು. ಆ ದಾಳಿಗಳಿಗಾಗಿ ಸರ್ಕಾರ ವಿಧಿವತ್ತಾಗಿ ಕ್ಷಮೆ ಕೇಳಿದ್ದು 2021ರ ಆಗಸ್ಟ್ 1ರಂದು. 2023ರ ಜನಗಣತಿಯ ಪ್ರಕಾರ ಪೆಸಿಫಿಕ್ ಮೂಲದವರ ಸಂಖ್ಯೆ 4,42,632, ಅಂದರೆ ದೇಶದ ಜನಸಂಖ್ಯೆಯ ಶೇ. 8.9. ಅವರಲ್ಲಿ ಸುಮಾರು ಅರ್ಧದಷ್ಟು ಜನ ಇಪ್ಪತ್ತೈದರ ಒಳಗಿನವರಾದ್ದರಿಂದ, ಯುವಜನರ ಆರೋಗ್ಯ ಎಂಬುದು ಅಲ್ಲಿ ಇಡೀ ಸಮುದಾಯದ ಆರೋಗ್ಯದ ಪ್ರಶ್ನೆಯೇ ಆಗುತ್ತದೆ.

ಸರ್ಕಾರದ ಕಡೆಯವರು ಬಾಗಿಲು ತಟ್ಟಿದರೆ ಹೆದರಬೇಕಾಗಿದ್ದ ಮನೆಗಳಿಗೆ ಪ್ರಶ್ನಾವಳಿ ಹಿಡಿದು ಹೋಗುವುದು ಸುಲಭದ ಕೆಲಸವಲ್ಲ. ಅಧ್ಯಯನ ತಂಡ ಇಲ್ಲಿ ತೋರಿದ ವಿವೇಕವೇ, ನನ್ನ ದೃಷ್ಟಿಯಲ್ಲಿ, ಈ ಸೇವೆಯ ಅತ್ಯುತ್ತಮ ಗುಣ. ಸಂದರ್ಶನಕ್ಕೆ ಹೋದವರು ಇಂಗ್ಲಿಷಿನ ಜೊತೆಗೆ ಪೆಸಿಫಿಕ್ ಭಾಷೆಯೊಂದನ್ನೂ ಬಲ್ಲ, ಅದೇ ಸಮುದಾಯಗಳ ಹೆಂಗಸರು. ಮಗುವಿಗೆ ಆರು ವಾರ ತುಂಬಿದಾಗ ಮನೆಗೇ ಹೋಗಿ, ತಾಯಿ ಬಯಸಿದ ಭಾಷೆಯಲ್ಲಿ, ಗಂಟೆಗೂ ಮೀರಿದ ಮಾತುಕತೆ ನಡೆಸಿದರು. ಆಮೇಲೆ ಒಂದು, ಎರಡು, ನಾಲ್ಕು, ಆರು, ಒಂಬತ್ತು, ಹನ್ನೊಂದು, ಹದಿನಾಲ್ಕು ವರ್ಷಗಳಲ್ಲಿ ಮತ್ತೆ ಮತ್ತೆ ಬಂದರು. ಮೊದಮೊದಲು ತಾಯಂದಿರೂ ತಂದೆಯರೂ ಮಕ್ಕಳ ಪರವಾಗಿ ಉತ್ತರಿಸುತ್ತಿದ್ದರು; ಮಕ್ಕಳು ದೊಡ್ಡವರಾದಂತೆ ತಮ್ಮ ಮಾತನ್ನು ತಾವೇ ಹೇಳತೊಡಗಿದರು. ಒಬ್ಬನೇ ವ್ಯಕ್ತಿಯ ಬಗ್ಗೆ ಆರನೇ ವಾರದ ದಾಖಲೆಯನ್ನೂ ಪ್ರಾಯದ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯವಾಗಿರುವುದು ಈ ತಾಳ್ಮೆಯಿಂದಲೇ.

ಇನ್ನು ಅಧ್ಯಯನ ಕಂಡುಕೊಂಡದ್ದರ ಬಗ್ಗೆ. ಆರು ವಾರದ ಹಂತದಲ್ಲಿ ಎಡಿನ್‌ಬರೊ ಮಾಪನ ಎಂಬ ಪ್ರಶ್ನಾವಳಿಯ ಮೂಲಕ ಬಾಣಂತಿಯರ ಖಿನ್ನತೆಯನ್ನು ಅಳೆದಾಗ ಶೇ. 16.4ರಷ್ಟು ತಾಯಂದಿರು ಖಿನ್ನತೆಯ ಸಾಧ್ಯತೆಯ ಗೆರೆಯನ್ನು ದಾಟಿದ್ದರು. ಈ ಸರಾಸರಿಗಿಂತ ಮುಖ್ಯವಾದದ್ದು ಅದರೊಳಗಿನ ವ್ಯತ್ಯಾಸ: ಸಮೋವಾದ ತಾಯಂದಿರಲ್ಲಿ ಈ ಪ್ರಮಾಣ ಶೇ. 7.6 ಇದ್ದರೆ ಟೊಂಗಾದ ತಾಯಂದಿರಲ್ಲಿ ಶೇ. 30.9 ಇತ್ತು. ಸರ್ಕಾರಿ ಕಡತಗಳಲ್ಲಿ ಒಂದೇ ಹೆಸರಿನಡಿ ಸೇರಿಸಿಬಿಡುವ ಎರಡು ಸಮುದಾಯಗಳ ನಡುವೆ ನಾಲ್ಕು ಪಟ್ಟು ಅಂತರ! ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಯೋಜನೆ ರೂಪಿಸುವ ಅಧಿಕಾರಿಗೆ ಟೊಂಗಾದ ತಾಯಿಯ ಸಂಕಟ ಎಂದಿಗೂ ಕಾಣಿಸುವುದಿಲ್ಲ. ಈ ಒಂದು ಫಲಿತಾಂಶವನ್ನು ಮುಂದಿಡಲಿಕ್ಕಾದರೂ ಅಧ್ಯಯನ ನಡೆಯಬೇಕಾಗಿತ್ತು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಇಷ್ಟೇ ತೂಕದ ಮತ್ತೊಂದು ಫಲಿತಾಂಶ ಸಂಸ್ಕೃತಿಗೆ ಸಂಬಂಧಿಸಿದ್ದು. ಹೊಸ ನಾಡಿಗೆ ಬಂದವರು ಹಳೆಯ ನಂಟುಗಳನ್ನು ಬಿಟ್ಟಷ್ಟೂ ಬೇಗ ಉದ್ಧಾರವಾಗುತ್ತಾರೆ ಎಂಬ ಭಾವನೆ ಆಡಳಿತಗಾರರಲ್ಲಿ ಮಾತ್ರವಲ್ಲ, ವಲಸೆ ಹೋದವರಲ್ಲೂ ಬೇರೂರಿರುತ್ತದೆ. ಅಧ್ಯಯನವು ತಾಯಂದಿರ ಪೆಸಿಫಿಕ್ ನಂಟನ್ನೂ ನ್ಯೂಜಿಲೆಂಡಿನ ಮುಖ್ಯಧಾರೆಯ ನಂಟನ್ನೂ ಪ್ರತ್ಯೇಕವಾಗಿ ಅಳೆದು, ಆ ಅಳತೆಗಳನ್ನು ತಾಯಿ ಮಕ್ಕಳ ಆರೋಗ್ಯದ ಜೊತೆ ಹೋಲಿಸಿ ನೋಡಿತು. ತಮ್ಮ ಪೆಸಿಫಿಕ್ ಸಂಸ್ಕೃತಿಯನ್ನು ಗಟ್ಟಿಯಾಗಿ ಉಳಿಸಿಕೊಂಡಿದ್ದ ತಾಯಂದಿರ ಮತ್ತು ಅವರ ಕೂಸುಗಳ ಆರೋಗ್ಯ, ಆ ನಂಟು ಸಡಿಲವಾಗಿದ್ದವರ ಆರೋಗ್ಯಕ್ಕಿಂತ ಉತ್ತಮವಾಗಿತ್ತು. ಹಾಗೆಂದು ಸಂಶೋಧಕರು ಸಂಪ್ರದಾಯವನ್ನು ಕಣ್ಣುಮುಚ್ಚಿ ಹೊಗಳಲೂ ಇಲ್ಲ. ಮದುವೆ, ಸಾವು, ಚರ್ಚಿನ ಕಾರ್ಯಗಳಿಗೆ ಬಂಧುಬಳಗ ಸೇರಿ ಕೊಡುವ ಕಾಣಿಕೆ, ನಮ್ಮ ಹಳ್ಳಿಗಳ ಮುಯ್ಯಿಯ ಹಾಗೆ, ಸಂಬಂಧಗಳನ್ನು ಹೊಲಿದಿಡುವ ಪದ್ಧತಿ. ಆದರೆ ಅದು ಕಡಿಮೆ ವರಮಾನದ ಮನೆಗಳಿಗೆ ಹಣದ ಬಿಕ್ಕಟ್ಟನ್ನೂ ತರಬಲ್ಲದು ಎಂಬುದನ್ನು ಅಧ್ಯಯನ ಮುಚ್ಚಿಡದೆ ದಾಖಲಿಸಿದೆ. ಒಳಗಿನವರೇ ಒಳಗಿನವರನ್ನು ಕೇಳಿದಾಗ ಮಾತ್ರ ಇಂಥ ಸಮತೋಲ ಸಾಧ್ಯವಾಗುತ್ತದೆ. ಮಕ್ಕಳ ಕಿವಿಯ ಸೋಂಕು, ಶ್ರವಣ, ದೇಹದ ತೂಕ, ಜೂಜಿನ ಹಾವಳಿ, ಮನೆಯೊಳಗಿನ ಹಿಂಸೆ ಇವೆಲ್ಲದರ ಮೇಲೂ ಲೇಖನಗಳು ಬಂದಿವೆ.

ಪ್ರಾಯಕ್ಕೆ ಬಂದವರ ಮಾತಿಗೆ ಬಂದರೆ, ಈ ಅಧ್ಯಯನದ ನಿಜವಾದ ಬೆಲೆ ಇನ್ನು ಮುಂದೆಯೇ ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ. ನ್ಯೂಜಿಲೆಂಡಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಾದ ತೆ ರೌ ಹಿನೆಂಗಾರೊ 2006ರಲ್ಲಿ ಒಂದು ಕಳವಳಕಾರಿ ಚಿತ್ರವನ್ನು ಕೊಟ್ಟಿತ್ತು. ಹದಿನೆಂಟು ದಾಟಿದ ಮೇಲೆ ವಲಸೆ ಬಂದ ಪೆಸಿಫಿಕ್ ಜನರಲ್ಲಿ ಒಂದು ವರ್ಷದ ಅವಧಿಯೊಳಗೆ ಮಾನಸಿಕ ತೊಂದರೆ ಕಂಡವರು ಶೇ. 15.1, ನ್ಯೂಜಿಲೆಂಡಿನಲ್ಲೇ ಹುಟ್ಟಿದವರಲ್ಲಿ ಶೇ. 31.4. ತೀವ್ರ ತೊಂದರೆಯಿದ್ದವರ ಪೈಕಿ ಚಿಕಿತ್ಸೆಗೆ ಹೋದವರ ಪ್ರಮಾಣ ಇಡೀ ದೇಶದಲ್ಲಿ ಶೇ. 58 ಇದ್ದಾಗ ಪೆಸಿಫಿಕ್ ಜನರಲ್ಲಿ ಶೇ. 25 ಮಾತ್ರ. ಅಪ್ಪ ಅಮ್ಮನಿಗಿಂತ ಮಕ್ಕಳಿಗೆ ಹೆಚ್ಚಿನ ಭಾರ ಏಕೆ? ಒಮ್ಮೆ ಬಂದು ಎಣಿಸಿ ಹೋಗುವ ಸಮೀಕ್ಷೆಗೆ ಇದಕ್ಕೆ ಉತ್ತರಿಸುವ ಶಕ್ತಿಯಿಲ್ಲ. ಮನೆಯ ಭಾಷೆ ಯಾವ ವಯಸ್ಸಿನಲ್ಲಿ ಕೈಬಿಟ್ಟುಹೋಯಿತು, ಬಾಡಿಗೆ ಮನೆಗಳನ್ನು ಎಷ್ಟು ಸಲ ಬದಲಿಸಬೇಕಾಯಿತು, ತಾಯಿಯ ಬಾಣಂತನದ ಖಿನ್ನತೆ ಮಗುವಿನ ಹದಿಹರೆಯಕ್ಕೆ ಹೇಗೆ ದಾಟಿತು ಅಥವಾ ದಾಟದೆ ನಿಂತಿತು ಎಂಬುದನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿ ನೋಡಬಲ್ಲದ್ದು ಇಂಥ ದೀರ್ಘ ಅಧ್ಯಯನ ಮಾತ್ರ.

ಕೊರತೆಗಳನ್ನೂ ಹೇಳಲೇಬೇಕು. ಎಲ್ಲ ಮಕ್ಕಳೂ ಒಂದೇ ಆಸ್ಪತ್ರೆಯಲ್ಲಿ ಹುಟ್ಟಿದವರಾದ್ದರಿಂದ ವೆಲಿಂಗ್ಟನ್ನಿನ ಅಥವಾ ಸಣ್ಣ ಊರುಗಳ ಪೆಸಿಫಿಕ್ ಕುಟುಂಬಗಳಿಗೆ ಈ ಫಲಿತಾಂಶಗಳನ್ನು ನೇರವಾಗಿ ಅನ್ವಯಿಸಲಾಗದು. ಸುಮಾರು ಅರ್ಧದಷ್ಟು ತಾಯಂದಿರು ಸಮೋವಾದವರಾಗಿದ್ದು ನಿಯುವೆಯಂಥ ಪುಟ್ಟ ಸಮುದಾಯದ ಪಾಲು ಶೇ. 5ಕ್ಕಿಂತ ಕಡಿಮೆ ಇರುವುದರಿಂದ, ಸಮುದಾಯಗಳ ನಡುವಿನ ಹೋಲಿಕೆ ಎಲ್ಲ ಕಡೆ ಒಂದೇ ಬಲದಲ್ಲಿ ನಿಲ್ಲುವುದಿಲ್ಲ. ತಂದೆಯರ ದನಿ ತಾಯಂದಿರದ್ದಕ್ಕಿಂತ ಕ್ಷೀಣ. ಹದಿನಾಲ್ಕನೇ ವರ್ಷದ ಹೊತ್ತಿಗೆ ಮೂಲ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಉಳಿದಿದ್ದರು. ನ್ಯೂಜಿಲೆಂಡಿನದೇ ಡ್ಯುನೀಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳ ಅಧ್ಯಯನ ನಲವತ್ತೈದನೇ ವಯಸ್ಸಿನಲ್ಲೂ ಶೇ. 90ಕ್ಕಿಂತ ಹೆಚ್ಚು ಜನರನ್ನು ಉಳಿಸಿಕೊಂಡಿರುವುದನ್ನು ನೋಡಿದರೆ ಇದು ಕಡಿಮೆ ಎನಿಸಬಹುದು. ಆದರೆ ಡ್ಯುನೀಡಿನ್ ಬಹುಪಾಲು ಯುರೋಪಿಯನ್ ಮೂಲದವರ ಅಧ್ಯಯನ. ಕೆಲಸಕ್ಕಾಗಿ ಆಸ್ಟ್ರೇಲಿಯಕ್ಕೆ ಹೋಗುವ, ಬಾಡಿಗೆ ಏರಿದಾಗ ಬಡಾವಣೆ ಬದಲಿಸುವ ಕುಟುಂಬಗಳನ್ನು ಹಿಂಬಾಲಿಸುವ ಕಷ್ಟವೇ ಬೇರೆ. ನನ್ನ ದೊಡ್ಡ ಆಕ್ಷೇಪ ಇನ್ನೊಂದಿದೆ. ಕ್ಷೇಮ ಎಂದರೇನು ಎಂಬುದಕ್ಕೆ ಪೆಸಿಫಿಕ್ ಜನರಿಗೆ ತಮ್ಮದೇ ವಿವರಣೆಯಿದೆ: ಫುಯಿಮಾವೊನೊ ಕಾರ್ಲ್ ಪುಲೋಟು-ಎಂಡೆಮನ್ ರೂಪಿಸಿದ ಫೋನೋಫಾಲೆ ಮಾದರಿಯಲ್ಲಿ ಕುಟುಂಬ ಮನೆಯ ಅಡಿಪಾಯ, ಸಂಸ್ಕೃತಿ ಅದರ ಚಾವಣಿ, ದೇಹ, ಮನಸ್ಸು, ಆತ್ಮಗಳು ಕಂಬಗಳು. ಹೊರಗಿನಿಂದ ತಂದ ಮಾಪನಗಳಿಗೆ ಸಮನಾದ ಸ್ಥಾನವನ್ನು ಇಂಥ ಮಾದರಿಗೂ ಕೊಟ್ಟರೆ ಯುವಜನರ ಉತ್ತರಗಳು ಇನ್ನೂ ಸ್ಪಷ್ಟವಾದಾವು.

ಮೈಸೂರಿನ ಓದುಗರಿಗೆ ಇದೆಲ್ಲ ತೀರ ದೂರದ ಮಾತಲ್ಲ. 1997–98ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಗರ್ಭಿಣಿಯರಿಂದ ಶುರುವಾದ ಪಾರ್ಥೆನಾನ್ ಅಧ್ಯಯನವೂ ಹೆಚ್ಚುಕಡಿಮೆ ಅದೇ ಪೀಳಿಗೆಯನ್ನು ಹಿಂಬಾಲಿಸಿದೆ. ಗರ್ಭಾವಸ್ಥೆಯ ಮಧುಮೇಹವು ಮಕ್ಕಳ ಮೈಕೊಬ್ಬಿನ ಮೇಲೂ ಇನ್ಸುಲಿನ್ ಮೇಲೂ ಬೀರುವ ಪರಿಣಾಮದ ಬಗ್ಗೆ ಅಮೂಲ್ಯ ತಿಳಿವಳಿಕೆ ಕೊಟ್ಟಿದೆ. ಮೈಸೂರಿನದು ಮುಖ್ಯವಾಗಿ ರಕ್ತ ಮತ್ತು ದೇಹದ ಅಳತೆಯಿಂದ ಹೊರಟದ್ದು, ಆಕ್ಲೆಂಡಿನದು ಮನೆಯೊಳಗಿನ ಮಾತಿನಿಂದ. ಸಮುದಾಯ ಆರೋಗ್ಯ ಓದುವ ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಜೊತೆಗಿಟ್ಟು ಓದಬೇಕೆಂದು ಶಿಫಾರಸು ಮಾಡುತ್ತೇನೆ. ಆಕ್ಲೆಂಡಿನ ಆಸ್ಪತ್ರೆ, ಶಾಲೆಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಾಣಂತಿ ಖಿನ್ನತೆಯ ಮತ್ತು ಸಾಂಸ್ಕೃತಿಕ ನಂಟಿನ ಲೇಖನಗಳಿಂದ ಆರಂಭಿಸಲಿ. ದಿನವೂ ಎದುರಾಗುವ ಕುಟುಂಬಗಳನ್ನು ಅರಿಯಲು ಅವೆರಡೇ ಸಾಕಷ್ಟು ನೆರವಾಗುತ್ತವೆ. ಅಧ್ಯಯನ ತಂಡದಿಂದ ನಾನು ಬಯಸುವುದು ಇಷ್ಟು: ಹತ್ತಾರು ಪತ್ರಿಕೆಗಳಲ್ಲಿ ಚದುರಿರುವ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಸಮೋವಾದ, ಟೊಂಗಾದ, ಕುಕ್ ದ್ವೀಪಗಳ ಮತ್ತು ನಿಯುವೆಯ ಭಾಷೆಗಳಲ್ಲಿ ಆ 1,376 ತಾಯಂದಿರ ಮನೆಗಳಿಗೆ ತಲುಪಿಸಲಿ, ಮತ್ತು ಮುಂದಿನ ಹಂತದ ಪ್ರಶ್ನೆಗಳನ್ನು ರೂಪಿಸುವಾಗ ಈಗ ಪ್ರಾಯಕ್ಕೆ ಬಂದಿರುವ ಅವರ ಮಕ್ಕಳನ್ನೇ ಜೊತೆಗೆ ಕೂರಿಸಿಕೊಳ್ಳಲಿ.