ರಾಪಾ ನುಯಿ: ಗುಂಪಿನ ವ್ಯಾನೋ, ನಮ್ಮದೇ ಗೈಡೋ?

ರಾಪಾ ನುಯಿ, ಅಂದರೆ ಈಸ್ಟರ್ ದ್ವೀಪವನ್ನು ತಲುಪುವ ದಾರಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಿಲಿಯ ರಾಜಧಾನಿ ಸ್ಯಾಂಟಿಯಾಗೋಗೆ ಬರಬೇಕು. ಅಲ್ಲಿಂದ ಲಾಟಾಮ್ ವಿಮಾನ ಹತ್ತಿ ಐದು ಗಂಟೆಗೂ ಮೇಲೆ ಬರೀ ಪೆಸಿಫಿಕ್ ನೋಡುತ್ತಾ ಕೂರಬೇಕು. ತಲೆನೋವು ಶುರುವಾಗುವುದು ಇಳಿದ ಮೇಲೆ. ಸುಮಾರು 164 ಚದರ ಕಿಲೋಮೀಟರಿನ ಆ ಪುಟ್ಟ ದ್ವೀಪವನ್ನು ಯಾರ ಜೊತೆ ಸುತ್ತುವುದು?

ಯಾರ ಜೊತೆ ಅಂತ ಕೇಳಿದ್ದಕ್ಕೆ ಕಾರಣ ಇದೆ. ಕೋವಿಡ್ ನಂತರ 2022ರ ಆಗಸ್ಟ್‌ನಲ್ಲಿ ದ್ವೀಪ ಮತ್ತೆ ತೆರೆದಾಗಿನಿಂದ, ರಾಷ್ಟ್ರೀಯ ಉದ್ಯಾನದ ಮುಖ್ಯ ಜಾಗಗಳಿಗೆ ಸ್ಥಳೀಯ ಗೈಡ್ ಇಲ್ಲದೆ ಬಿಡುವುದಿಲ್ಲ. ಉದ್ಯಾನ ನೋಡಿಕೊಳ್ಳುವವರು ಅಲ್ಲಿನ ಮೂಲನಿವಾಸಿಗಳದೇ ಸಂಸ್ಥೆ, ಮಾಉ ಹೆನುವಾ. ಟಿಕೆಟ್ ಹತ್ತು ದಿನ ನಡೆಯುತ್ತದೆ. ಆದರೆ ಎರಡು ಜಾಗಕ್ಕೆ, ಮೂರ್ತಿ ಕಡೆಯುತ್ತಿದ್ದ ಗಣಿ ರಾನೋ ರರಾಕು ಮತ್ತು ಜ್ವಾಲಾಮುಖಿಯ ಅಂಚಿನ ಹಳೆಯ ಊರು ಒರೊಂಗೊಗೆ, ಒಂದೇ ಸಲ ಪ್ರವೇಶ. ಮಿಕ್ಕ ಕಡೆ ಮತ್ತೆ ಹೋಗಬಹುದು, ಈ ಎರಡಕ್ಕೆ ಆಗುವುದಿಲ್ಲ. ಪ್ಲಾನ್ ಮಾಡುವಾಗ ಹೋಟೆಲ್‌ಗಿಂತ ಮೊದಲು ಯೋಚಿಸಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ.

ನಾವು ಹೋದದ್ದು ಎರಡು ಜೋಡಿ. ನಾನು, ನಮ್ಮ ಯಜಮಾನರು, ಅಕ್ಕ, ಭಾವ. ಗುಂಪಿನ ವ್ಯಾನ್ ಸಾಕು ಅಂತ ನಾವು, ಸ್ವಂತ ಗೈಡ್ ಬೇಕು ಅಂತ ಅಕ್ಕ. ಕೊನೆಗೆ ರಾನೋ ರರಾಕುವಿಗೆ ನಾವಿಬ್ಬರು ವ್ಯಾನಿನಲ್ಲಿ, ಅವರಿಬ್ಬರು ಗೈಡ್ ಜೊತೆ. ಒರೊಂಗೊಗೆ ಅದಲುಬದಲು. ರಾತ್ರಿ ಅಡುಗೆ ಮಾಡಿಕೊಳ್ಳುತ್ತಾ ಯಾರಿಗೆ ಏನು ಸಿಕ್ಕಿತು ಅಂತ ತಾಳೆ ಹಾಕುತ್ತಿದ್ದೆವು.

ವ್ಯಾನಿನ ದೊಡ್ಡ ಸುತ್ತು ಒಂದೇ ದಿನದಲ್ಲಿ ದಕ್ಷಿಣ ಕರಾವಳಿಯ ಅಕಹಂಗಾ, ರಾನೋ ರರಾಕು, ಟೊಂಗರಿಕಿ, ಟೆ ಪಿಟೊ ಕುರಾ, ಅನಕೇನಾ ಎಲ್ಲ ಮುಗಿಸುತ್ತದೆ. ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋಗುತ್ತಾರೆ. ತಲೆಗೆ ಬೀಳುವ ಖರ್ಚು ಕಡಿಮೆ. ಕಾಣಬೇಕಾದದ್ದು ಯಾವುದೂ ತಪ್ಪುವುದಿಲ್ಲ. ತೊಂದರೆ ಏನೆಂದರೆ, ನಮ್ಮ ಗೈಡ್ ಪ್ರತಿ ಮಾತನ್ನೂ ಮೊದಲು ಸ್ಪ್ಯಾನಿಷ್‌ನಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಬೇಕಿತ್ತು. ಅರ್ಧ ಹೊತ್ತು ಅದಕ್ಕೇ ಹೋಯಿತು. ಅನಕೇನಾದಲ್ಲಿ ಹೀಗಾದರೂ ನಷ್ಟವಿಲ್ಲ. ಅಲ್ಲಿ ಬಿಳಿ ಮರಳು, ತೆಂಗಿನ ಮರ, 'ಪುಕಾವೊ' ಅನ್ನುವ ಕೆಂಪು ಕಲ್ಲಿನ ಮುಡಿ ತಲೆಯ ಮೇಲಿಟ್ಟುಕೊಂಡು ನಿಂತ ಮೋವಾಯ್‌ಗಳು, ಅಂದರೆ ದ್ವೀಪದ ಹೆಸರಾಂತ ಕಲ್ಲಿನ ಮೂರ್ತಿಗಳು. ಸುಮ್ನೆ ಕೂತು ನೋಡಿದರೆ ಸಾಕು.

ರಾನೋ ರರಾಕು ಹಾಗಲ್ಲ. ಅದು ಮೋವಾಯ್‌ಗಳ ಗಣಿ. ದ್ವೀಪದ ಸುಮಾರು ಒಂಬೈನೂರು ಮೂರ್ತಿಗಳಲ್ಲಿ ಹೆಚ್ಚು ಕಡಿಮೆ ನಾನೂರು ಇನ್ನೂ ಅಲ್ಲೇ ಇವೆ. ಕೆಲವು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿವೆ. ಕೆಲವಕ್ಕೆ ಮೂಗು, ಹಣೆ ಮೂಡಿವೆ, ಬೆನ್ನು ಮಾತ್ರ ಬಂಡೆಯಿಂದ ಬಿಟ್ಟಿಲ್ಲ. ಟೆ ಟೊಕಂಗಾ ಅನ್ನುವುದು ಸುಮಾರು 21 ಮೀಟರ್, ಅಂದರೆ ಹತ್ತಿರ ಹತ್ತಿರ 70 ಅಡಿ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 57 ಅಡಿ ಅಲ್ವಾ, ಅದಕ್ಕಿಂತ ಉದ್ದ. ವ್ಯತ್ಯಾಸ ಏನೆಂದರೆ ಗೊಮ್ಮಟನನ್ನು ನಿಂತಲ್ಲೇ ಕಡೆದರು. ಇಲ್ಲಿ ಮಲಗಿಸಿದ ಹಾಗೆ ಕಡೆದು, ಇಳಿಜಾರಿನಲ್ಲಿ ಇಳಿಸಿ, ಕಿಲೋಮೀಟರುಗಟ್ಟಲೆ ಸಾಗಿಸುತ್ತಿದ್ದರು. ಟೆ ಟೊಕಂಗಾ ಮಾತ್ರ ಬಂಡೆ ಬಿಟ್ಟು ಏಳಲೇ ಇಲ್ಲ.

ಇಷ್ಟನ್ನು ನಾವೂ ಕೇಳಿದೆವು, ಅಕ್ಕನೂ ಕೇಳಿದಳು. ಆದರೆ ಅವಳಿಗೆ ಸಿಕ್ಕಿದ್ದು ಬೇರೆ. ಅವಳ ಗೈಡ್ ಒಂದೇ ಒಂದು ಅರೆಬರೆ ಮೂರ್ತಿಯ ಮುಂದೆ ಬಹಳ ಹೊತ್ತು ನಿಲ್ಲಿಸಿ, ಬಸಾಲ್ಟ್ ಕಲ್ಲಿನ ಉಳಿ 'ಟೋಕಿ' ಬಿಟ್ಟ ಗುರುತುಗಳನ್ನು ತೋರಿಸಿದ್ದ. ಎರಡೂ ಪಕ್ಕ ಕಡೆದು, ಕೊನೆಗೆ ಬೆನ್ನ ಕೆಳಗೆ ದೋಣಿಯ ತಳದಂಥ ಒಂದು ಗೆರೆ ಮಾತ್ರ ಬಿಡುತ್ತಿದ್ದರಂತೆ. ಅದನ್ನೂ ಒಡೆದರೆ ಮೂರ್ತಿ ಸ್ವತಂತ್ರ. ಮಂಡಿಯೂರಿ ಕೂತ ಟುಕುಟುರಿ ಅನ್ನುವ ಮೂರ್ತಿಯ ಹತ್ತಿರ ಅವರು ನಿಧಾನವಾಗಿ ನಿಂತರು. ನಮ್ಮ ಗುಂಪು ಅಷ್ಟರಲ್ಲಿ ವ್ಯಾನ್ ಹತ್ತುತ್ತಿತ್ತು.

ಇನ್ನೂ ಒಂದು. 1862ರಲ್ಲಿ ಪೆರುವಿನಿಂದ ಬಂದ ಹಡಗುಗಳು ದ್ವೀಪದ ಜನರನ್ನು ಗುಲಾಮರಾಗಿ ಹೊತ್ತೊಯ್ದದ್ದು, ಆಮೇಲೆ ರೋಗ ಹರಡಿ 1877ರ ಹೊತ್ತಿಗೆ 111 ಜನ ಮಾತ್ರ ಉಳಿದದ್ದು, ಇದನ್ನು ನಮ್ಮ ವ್ಯಾನಿನಲ್ಲೂ ಹೇಳಿದರು. ಆದರೆ 1953ರವರೆಗೆ ದ್ವೀಪದ ಬಹುಪಾಲು ನೆಲ ಕುರಿ ಸಾಕುವ ಕಂಪನಿಯ ಕೈಯಲ್ಲಿತ್ತು, ಜನರನ್ನು ಹಂಗಾ ರೋವಾ ಊರಿನೊಳಗೇ ಇಟ್ಟಿದ್ದರು, ಚಿಲಿಯ ಪೂರ್ಣ ಪೌರತ್ವ ಸಿಕ್ಕಿದ್ದು 1966ರಲ್ಲಿ ಅನ್ನುವುದನ್ನು ಅಕ್ಕನ ಗೈಡ್ ಅವನ ಅಜ್ಜಿಯ ಮಾತಾಗಿ ಹೇಳಿದ. ಇಂಥ ಮಾತು ಇಪ್ಪತ್ತು ಜನರ ಮುಂದೆ ಮೈಕ್ ಹಿಡಿದು ಬರುವುದಿಲ್ಲ. ಬರಬೇಕು ಅಂತ ಕೇಳುವುದೂ ತಪ್ಪು.

ಹಾಗಂತ ಒರೊಂಗೊದಲ್ಲೂ ಸ್ವಂತ ಗೈಡ್ ಬೇಕೇ ಅಂದರೆ, ನನಗೆ ಹಾಗೆ ಅನ್ನಿಸಲಿಲ್ಲ. ರಾನೋ ಕಾವು ಜ್ವಾಲಾಮುಖಿಯ ಅಂಚಿನಲ್ಲಿ, ಒಂದು ಕಡೆ ಕುಳಿಯ ಕೆರೆ, ಇನ್ನೊಂದು ಕಡೆ ಸಮುದ್ರ, ನಡುವೆ ಐವತ್ತಕ್ಕೂ ಜಾಸ್ತಿ ತಗ್ಗು ಕಲ್ಲುಮನೆಗಳು. ಪ್ರತಿ ವರ್ಷ ಕೆಳಗೆ ಈಜಿ ಮೋಟು ನುಯಿ ಅನ್ನುವ ನಡುಗಡ್ಡೆಯಿಂದ ಕಡಲಹಕ್ಕಿಯ ಮೊದಲ ಮೊಟ್ಟೆ ತರುವ ಪಂದ್ಯ ಇಲ್ಲೇ ನಡೆಯುತ್ತಿದ್ದದ್ದು. ಗೆದ್ದವನ ಒಡೆಯ ಆ ವರ್ಷದ 'ಹಕ್ಕಿ ಮನುಷ್ಯ'. ಕತೆ ಜೋರಾಗಿದೆ. ಆದರೆ ನಡೆಯುವ ದಾರಿ ಒಂದೇ, ಚಿಕ್ಕದು. ಮನೆಗಳ ಒಳಗೆ ಬಿಡುವುದಿಲ್ಲ. ಗಾಳಿಯ ಅಬ್ಬರಕ್ಕೆ ಗೈಡ್ ಪಕ್ಕದಲ್ಲೇ ನಿಂತರೂ ಅರ್ಧ ಮಾತು ಹಾರಿಹೋಗುತ್ತದೆ. ಇಲ್ಲಿಂದ 1868ರಲ್ಲಿ ಬ್ರಿಟಿಷ್ ಹಡಗು ಹೊತ್ತೊಯ್ದ ಹೋವಾ ಹಕನನಯ್ಯಾ ಮೋವಾಯ್ ಇವತ್ತೂ ಲಂಡನ್ನಿನ ಮ್ಯೂಸಿಯಂನಲ್ಲಿದೆ, ಅದನ್ನು ವಾಪಸ್ ಕೇಳುತ್ತಿದ್ದಾರೆ ಅನ್ನುವುದನ್ನು ನಮ್ಮ ಗೈಡೂ ಹೇಳಿದ, ವ್ಯಾನಿನವರೂ ಹೇಳಿದ್ದರು. ಇಲ್ಲಿ ದುಡ್ಡು ಉಳಿಸಬಹುದು.

ಟೊಂಗರಿಕಿಗೆ ಎರಡೂ ರೀತಿಯಲ್ಲಿ ಹೋಗಿ ನೋಡಿದೆವು. ವ್ಯಾನ್ ಹೋಗುವುದು ಮಧ್ಯಾಹ್ನ, ಆಗ ಬಿಸಿಲು ಹದಿನೈದು ಮೋವಾಯ್‌ಗಳ ಮುಖಕ್ಕೇ ಬೀಳುತ್ತದೆ. ಫೋಟೋಗೆ ಅದೇ ಒಳ್ಳೆಯದು. ಬೆಳಗಿನ ಜಾವ ಗೈಡ್ ಜೊತೆ ಹೋದರೆ ಸೂರ್ಯ ಅವುಗಳ ಬೆನ್ನ ಹಿಂದೆ ಏಳುತ್ತಾನೆ, ಮುಖ ಕಾಣುವುದಿಲ್ಲ, ಆಕಾರ ಮಾತ್ರ. ಯಜಮಾನರಿಗೆ ಅದು ಹುಚ್ಚು ಹಿಡಿಸಿತು. ನನಗೆ ಮಧ್ಯಾಹ್ನವೇ ಇಷ್ಟ. 1960ರ ಸುನಾಮಿ ಈ ಮೂರ್ತಿಗಳನ್ನು ಒಳನಾಡಿನ ಕಡೆ ಎಸೆದಿತ್ತು, 1990ರ ದಶಕದಲ್ಲಿ ಜಪಾನಿನ ಕ್ರೇನ್ ತಂದು ಎತ್ತಿ ನಿಲ್ಲಿಸಿದರು. ಅದು ಗೊತ್ತಿದ್ದರೆ ಮುಖ ನೋಡಬೇಕು ಅನ್ನಿಸುತ್ತದೆ.

ಇನ್ನು ಬಾಡಿಗೆ ಕಾರು. ಸುಜುಕಿ ಜಿಮ್ನಿ ಜೀಪುಗಳು ಎಲ್ಲೆಲ್ಲೂ ಸಿಗುತ್ತವೆ. ಆದರೆ ದ್ವೀಪದಲ್ಲಿ ಕಾರಿಗೆ ಇನ್ಶೂರೆನ್ಸ್ ಅನ್ನುವುದೇ ಇಲ್ಲ, ಗುದ್ದಿದರೆ ಪೂರ್ತಿ ನಮ್ಮ ಕೈಯಿಂದ. ಕುದುರೆಗಳು ಬಿಡಾಡಿಯಾಗಿ ರಸ್ತೆಗೆ ಬರುತ್ತವೆ. ಗೈಡ್ ಇಲ್ಲದೆ ಕಾರು ಮಾತ್ರ ಇದ್ದರೆ ಮುಖ್ಯ ಜಾಗಗಳ ಗೇಟಿನಿಂದ ವಾಪಸ್ ಬರಬೇಕಾಗುತ್ತದೆ. ಗೈಡನ್ನೇ ನಮ್ಮ ಕಾರಿನಲ್ಲಿ ಕೂರಿಸಿಕೊಂಡ ದಿನ ಮಾತ್ರ ಲೆಕ್ಕ ಸರಿಹೋಯಿತು. ನಾಲ್ವರು ಹಂಚಿಕೊಂಡಾಗ ವ್ಯಾನಿಗಿಂತ ಸ್ವಲ್ಪವಷ್ಟೇ ಜಾಸ್ತಿ ಬಿತ್ತು. ಇಬ್ಬರೇ ಆದರೆ ಭಾರ.

ಭಾವ ಸೈಕಲ್ ಕೂಡ ಪ್ರಯತ್ನಿಸಿದರು. ಊರೊಳಗೆ ಸರಿ, ಹೊರಗೆ ಏರು, ಎದುರುಗಾಳಿ. ಸಂಜೆ ಸೂರ್ಯಾಸ್ತ ನೋಡಲು ತಹಾಯ್‌ಗೆ ಹೋಗುವುದಾದರೆ ಸೈಕಲ್ಲೂ ಬೇಡ, ಹಂಗಾ ರೋವಾದಿಂದ ನಡೆದೇ ಹೋಗಬಹುದು, ಗೈಡೂ ಬೇಕಿಲ್ಲ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೋಟೆಲ್ ಬದಲು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ. ಹೊರಗೆ ಎಲ್ಲದರಲ್ಲೂ ಟ್ಯೂನಾ ಮೀನು, ಸಾಮಾನೆಲ್ಲ ಹಡಗು, ವಿಮಾನದಲ್ಲಿ ಬರುವುದರಿಂದ ಬೆಲೆಯೂ ಜಾಸ್ತಿ. ಗೆಣಸು, ಕೆಸುವಿನ ಗೆಡ್ಡೆ, ಬಾಳೆ, ಅನಾನಸು ಅಲ್ಲೇ ಬೆಳೆಯುತ್ತವೆ. ಮನೆಯ ಬುಕಿಂಗ್ ಕಾಗದ ಜೋಪಾನ. ವಾಪಸ್ ಟಿಕೆಟ್ ಜೊತೆ ನೋಂದಾಯಿತ ವಸತಿಯ ಪುರಾವೆ ಕೇಳುತ್ತಾರೆ, ಮೂವತ್ತು ದಿನಕ್ಕಿಂತ ಜಾಸ್ತಿ ಇರಲು ಪ್ರವಾಸಿಗರಿಗೆ ಬಿಡುವುದಿಲ್ಲ.

ಫೆಬ್ರವರಿ ಮೊದಲ ಎರಡು ವಾರ ತಪಾತಿ ಹಬ್ಬ. ಆಗ ಹೋಗುವ ಆಸೆ ಇದ್ದರೆ ಇಂಗ್ಲಿಷ್ ಬರುವ ಗೈಡನ್ನು ತಿಂಗಳುಗಟ್ಟಲೆ ಮೊದಲೇ ಹಿಡಿದುಕೊಳ್ಳಿ, ರಾನೋ ರರಾಕುವಿನ ದಿನವನ್ನು ಅವರ ಬಿಡುವಿಗೆ ಹೊಂದಿಸಿ, ಮಿಕ್ಕ ದಿನಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ.